ಬಸುರಿ, ಬಾಣಂತಿಯರ ತೊಂದರೆಗಳನ್ನು ಅಳೆಯೋದು ಹೇಗೆ: ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮನೆ ಮನೆ ಸುತ್ತುವವರಿಗೆ

ಹೆರಿಗೆ ಆದ ಮನೆಗೆ ಹೋದರೆ ಎಲ್ಲರೂ ಕೇಳೋದು ಒಂದೇ ಮಾತು, "ತಾಯಿ ಮಗು ಚೆಂದ ಅದಾರೇನ್ರಿ?" ಮನೆಯವರು "ಹೂನ್ರಿ, ಚೆಂದ ಅದಾರ" ಅನ್ನುತ್ತಾರೆ. ನಾವು ರಿಜಿಸ್ಟರ್‌ನಲ್ಲಿ ಒಂದು ಟಿಕ್ ಹಾಕಿ ಮುಂದಿನ ಮನೆಗೆ ಹೋಗುತ್ತೇವೆ. ಆ ಟಿಕ್ ಹೇಳೋದು ಇಬ್ಬರೂ ಬದುಕಿದ್ದಾರೆ ಅಂತ ಮಾತ್ರ. ಕೆಮ್ಮಿದರೆ ಅವಳಿಗೆ ಮೂತ್ರ ಸೋರುತ್ತದಾ, ಹೊಲಿಗೆ ಹಾಕಿದ ಜಾಗದಲ್ಲಿ ಕೀವು ಇದೆಯಾ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದಾ, ಮಗು ಮಲಗಿದರೂ ತಾನು ಮಲಗೋಕೆ ಆಗದೆ ಅಳುತ್ತಾ ಕೂತಿರುತ್ತಾಳಾ, ಇದ್ಯಾವುದೂ ಅದರಲ್ಲಿ ಬರೋದಿಲ್ಲ.

ಸಾವಿನ ಲೆಕ್ಕ ನಮ್ಮ ಹತ್ತಿರ ಇದೆ. 2018–20ರ ಸರ್ಕಾರಿ ಮಾದರಿ ನೋಂದಣಿ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತಿದ್ದಾರೆ, ದೇಶದಲ್ಲಿ 97. ಸಾಯದೆ ನರಳುವವರ ಲೆಕ್ಕ ಮಾತ್ರ ಸರಿಯಾಗಿ ಇಲ್ಲ. "ಒಂದು ಸಾವಿಗೆ 20–30 ಮಂದಿ ನರಳುತ್ತಾರೆ" ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಆದರೆ ಅದು ಎಲ್ಲ ಕಡೆ ಒಂದೇ ಪದ್ಧತಿಯಲ್ಲಿ ಅಳೆದು ಬಂದ ಸಂಖ್ಯೆ ಅಲ್ಲ. ನಿಮ್ಮ ಊರಿನ ಸಂಖ್ಯೆ ಬೇಕೆಂದರೆ ನೀವೇ ಅಳೆಯಬೇಕು. ನರ್ಸಿಂಗ್ ಅಥವಾ ಎಂಎಸ್‌ಡಬ್ಲ್ಯು ಓದುವವರು, ಸಂಘ ಸಂಸ್ಥೆಗಳಲ್ಲಿ ಇರುವವರು, ಆಶಾ ಮೇಲ್ವಿಚಾರಕರು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು (ಸಿಎಚ್‌ಒ), ಯಾರು ಬೇಕಾದರೂ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಮಟ್ಟದಲ್ಲಿ ಇದನ್ನು ಮಾಡಬಹುದು.

ಏನನ್ನು ತೊಂದರೆ ಅಂತ ಎಣಿಸಬೇಕು? ವಿಶ್ವ ಆರೋಗ್ಯ ಸಂಸ್ಥೆಯ ತಂಡ 2013ರಲ್ಲಿ ಪ್ರಕಟಿಸಿದ ವ್ಯಾಖ್ಯೆ ಇದಕ್ಕೆ ಸಾಕು. ಬಸುರು ಅಥವಾ ಹೆರಿಗೆಯಿಂದ ಬಂದ, ಇಲ್ಲವೇ ಅದರಿಂದ ಜಾಸ್ತಿಯಾದ, ಹೆಂಗಸಿನ ನೆಮ್ಮದಿ ಕೆಡಿಸುವ ಯಾವುದೇ ಆರೋಗ್ಯ ಸಮಸ್ಯೆ ಲೆಕ್ಕಕ್ಕೆ ಬರುತ್ತದೆ. "ಜಾಸ್ತಿಯಾದ" ಅನ್ನೋದನ್ನು ಮರೆಯಬೇಡಿ. ಮದುವೆಗೆ ಮುಂಚೆಯೇ ರಕ್ತ ಕಡಿಮೆ ಇದ್ದ ಹುಡುಗಿಗೆ ಬಸುರಿನಲ್ಲಿ ಅದು ಇನ್ನೂ ಇಳಿದರೆ ಅದೂ ಸೇರಬೇಕು.

ಯಾರನ್ನು ಎಣಿಸಬೇಕು

ಇಡೀ ಕೆಲಸದಲ್ಲಿ ಜಾಸ್ತಿ ಹಾಳಾಗೋದು ಇಲ್ಲೇ. ಅಂಗನವಾಡಿ ಪಟ್ಟಿ ತೆಗೆದುಕೊಂಡು, ಮನೆಯಲ್ಲಿ ಸಿಕ್ಕವರನ್ನು ಕೇಳಿ ಬಂದರೆ ನಿಮಗೆ ಸಿಗೋದು ಮಗು ಬದುಕಿರುವ, ಊರಲ್ಲೇ ಇರುವ, ಕಾರ್ಡ್ ಇರುವ ತಾಯಂದಿರು ಮಾತ್ರ. ತೊಂದರೆ ಜಾಸ್ತಿ ಇರೋದು ಆ ಪಟ್ಟಿಯಿಂದ ಹೊರಗೆ ಉಳಿದವರಲ್ಲಿ.

ಮಗು ಹೊಟ್ಟೆಯಲ್ಲೇ ತೀರಿಹೋದವರನ್ನು, ಹುಟ್ಟಿ ನಾಲ್ಕು ದಿನಕ್ಕೆ ಕಳೆದುಕೊಂಡವರನ್ನು ನೋಡಿ. ಆಶಾ ಹೋಗೋದು ಮುಖ್ಯವಾಗಿ ಮಗುವಿನ ತೂಕ ನೋಡೋಕೆ, ಮಗು ಇಲ್ಲದ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಅವಳಿಗೂ ಅನ್ನಿಸುತ್ತದೆ, ಹೀಗೆ ಯಾರೂ ಬರದೆ ಆ ಬಾಣಂತಿ ಒಬ್ಬಳೇ ಉಳಿದುಬಿಡುತ್ತಾಳೆ. ಬಸುರು ಇಳಿದುಹೋದವರು, ತೆಗೆಸಿಕೊಂಡವರು ಯಾವ ಪಟ್ಟಿಯಲ್ಲೂ ಸಿಗೋದಿಲ್ಲ. ಹದಿನೆಂಟು ತುಂಬದೆ ಬಸುರಾದ ಹುಡುಗಿಯರನ್ನು ಕೇಸ್ ಆಗುತ್ತದೆ ಅನ್ನೋ ಹೆದರಿಕೆಗೆ ಮನೆಯವರೇ ಮುಚ್ಚಿಡುತ್ತಾರೆ. ಇಂಥವರು ಸಿಕ್ಕಾಗ ಏನು ಮಾಡಬೇಕು ಅನ್ನೋದನ್ನು ಹಳ್ಳಿಗೆ ಹೋಗುವ ಮೊದಲೇ ನಿಮ್ಮ ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಹತ್ತಿರ ಮಾತಾಡಿ, ಬರೆದು ಇಟ್ಟುಕೊಳ್ಳಿ. ಕಾನೂನು ಇದೆ, ಹಾಗಾಗಿ "ಯಾರಿಗೂ ಹೇಳಲ್ಲ" ಅಂತ ಸುಮ್ನೆ ಮಾತು ಕೊಡೋದು ತಪ್ಪು.

ಇನ್ನು ತವರು. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ, ಮೂರು ತಿಂಗಳೋ ಐದು ತಿಂಗಳೋ ಬಿಟ್ಟು ಗಂಡನ ಮನೆಗೆ ಬರುತ್ತಾಳೆ. ಅವಳ ತಾಯಿ ಕಾರ್ಡ್ ಆಳಂದದಲ್ಲಿ, ಹೆರಿಗೆ ಹುಮನಾಬಾದ್‌ನಲ್ಲಿ. ಎರಡೂ ಕಡೆಯವರು "ನಮ್ಮ ಕೇಸ್ ಅಲ್ಲ" ಅಂದರೆ ಅವಳು ಎಲ್ಲೂ ಇಲ್ಲ. ಆದ್ದರಿಂದ ಮೊದಲ ದಿನವೇ ಒಂದು ನಿಯಮ ಮಾಡಿಕೊಳ್ಳಿ. ಕೇಳುವ ದಿನ ನಮ್ಮ ಊರಲ್ಲಿ ಮಲಗಿದವಳು ನಮ್ಮ ಲೆಕ್ಕ, ಅಷ್ಟೇ. ಯಾದಗಿರಿ, ಸುರಪುರ, ಶಹಾಪುರ ಕಡೆಯಿಂದ ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗೆ ದುಡಿಯೋಕೆ ಹೋದವರನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಕೇಳಬಹುದು, ಬರದಿದ್ದರೆ ಇಷ್ಟು ಮಂದಿ ಸಿಗಲಿಲ್ಲ ಅಂತಾದರೂ ವರದಿಯಲ್ಲಿ ಬರೆಯಬಹುದು.

ಪಟ್ಟಿ ಮಾಡುವಾಗ ಒಂದೇ ಮೂಲ ನಂಬಬೇಡಿ. ಆಶಾ ರಿಜಿಸ್ಟರ್, ಅಂಗನವಾಡಿ ಪಟ್ಟಿ, ಪಿಎಚ್‌ಸಿ ಹೆರಿಗೆ ಪುಸ್ತಕ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಆಮೇಲೆ ಊರಿನ ಹಿರಿಯ ಸೂಲಗಿತ್ತಿಯನ್ನು ಕೇಳಿ. ಕಾಗದದಲ್ಲಿ ಇಲ್ಲದ ಮನೆಗಳು ಅವಳಿಗೆ ಗೊತ್ತಿರುತ್ತವೆ. ತಾಂಡಾಗಳಿಗೆ ಬೇರೆ ದಿನ ಇಡಿ, ಊರು ಮುಗಿಸಿ ಸಂಜೆ ಹೊತ್ತಿಗೆ ಹೋಗಿ ನಾಲ್ಕು ಮನೆ ಮಾಡಿ ಬಂದರೆ ಆಗೋದಿಲ್ಲ.

ಎಷ್ಟು ಮಂದಿ ಬೇಕು? ಓದುವ ಮಕ್ಕಳು ಬಳಸುವ 4ಪಿಕ್ಯೂ ಸೂತ್ರವೇ ಸಾಕು. ನೂರಕ್ಕೆ 20 ಮಂದಿಗೆ ಒಂದು ತೊಂದರೆ ಇರಬಹುದು, 5ರಷ್ಟು ಆಚೆ ಈಚೆ ಆದರೂ ಪರವಾಗಿಲ್ಲ ಅಂದುಕೊಂಡರೆ 4 × 20 (ತೊಂದರೆ ಇರುವವರು) × 80 (ಇಲ್ಲದವರು) ÷ 25 (5 × 5), ಅಂದರೆ 256. ಮನೆಗಳನ್ನು ಬಿಡಿ ಬಿಡಿಯಾಗಿ ಆರಿಸದೆ ಹಳ್ಳಿ ಹಳ್ಳಿಯನ್ನೇ ಆರಿಸಿದರೆ ಇದನ್ನು ಸುಮಾರು ಎರಡು ಪಟ್ಟು ಮಾಡಿಕೊಳ್ಳೋದು ವಾಡಿಕೆ. ಅಷ್ಟು ಶಕ್ತಿ ಇಲ್ಲದಿದ್ದರೆ ಒಂದು ಉಪಕೇಂದ್ರದ ಒಂದು ವರ್ಷದ ಎಲ್ಲ ಹೆರಿಗೆಗಳನ್ನೂ ಬಿಡದೆ ಹಿಡಿಯಿರಿ. ಅರ್ಧಂಬರ್ಧ ಸಿಕ್ಕ ದೊಡ್ಡ ಪಟ್ಟಿಗಿಂತ ಪೂರ್ತಿ ಆದ ಸಣ್ಣ ಪಟ್ಟಿ ಮೇಲು.

ಯಾವಾಗ ಕೇಳಬೇಕು

ತಾಯಿ ಮರಣದ ವ್ಯಾಖ್ಯೆ ಹೆರಿಗೆ ಆಗಿ 42 ದಿನಕ್ಕೆ ನಿಲ್ಲುತ್ತದೆ, ಆಶಾ ಮನೆ ಭೇಟಿಯ ಮೊದಲ ಸುತ್ತೂ 42ನೇ ದಿನಕ್ಕೆ ಮುಗಿಯುತ್ತದೆ. ಹೆಂಗಸಿನ ಮೈ ಮಾತ್ರ ಅಲ್ಲಿಗೆ ಸರಿ ಹೋಗಿರುವುದಿಲ್ಲ. ಲಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ 2023ರ ಕೊನೆಗೆ ಬಂದ ಒಂದು ಪರಿಶೀಲನೆ ಪ್ರಕಾರ ಹೆರಿಗೆಯಿಂದ ತಿಂಗಳು, ವರ್ಷಗಟ್ಟಲೆ ಉಳಿಯುವ ತೊಂದರೆ ಜಗತ್ತಿನಲ್ಲಿ ವರ್ಷಕ್ಕೆ ಕನಿಷ್ಠ 4 ಕೋಟಿ ಹೆಂಗಸರಿಗೆ ಬರುತ್ತದೆ. ಸೊಂಟ ನೋವು ಶೇ. 32, ಗಂಡನ ಜೊತೆ ಸೇರುವಾಗ ನೋವು ಶೇ. 35, ಮೂತ್ರ ಸೋರೋದು ಶೇ. 8ರಿಂದ 31. ಇವು ಇಡೀ ಜಗತ್ತಿನ ಅಂದಾಜು, ನಮ್ಮ ಜಿಲ್ಲೆಯದಲ್ಲ.

ನನ್ನ ಸಲಹೆ ಮೂರು ಸಲ: ಬಸುರಿನ ಏಳು ಎಂಟನೇ ತಿಂಗಳಲ್ಲಿ, ಹೆರಿಗೆ ಆಗಿ ಆರು ವಾರಕ್ಕೆ, ಆಮೇಲೆ ಆರು ತಿಂಗಳು ಕಳೆದ ಮೇಲೆ. ಬೇರೆ ಓಡಾಟ ಬೇಕಿಲ್ಲ. ಆರು ವಾರಕ್ಕೆ ಮಗುವಿಗೆ ಪೆಂಟಾ ಲಸಿಕೆಯ ಮೊದಲ ಡೋಸ್ ಇರುತ್ತದೆ, ತಾಯಿ ತಾನಾಗಿಯೇ ಅಂಗನವಾಡಿಗೆ ಬರುತ್ತಾಳೆ. ಆಮೇಲೆ ಚಿಕ್ಕ ಮಕ್ಕಳ ಮನೆ ಭೇಟಿ ಕಾರ್ಯಕ್ರಮದಲ್ಲಿ ಆಶಾ 3, 6, 9, 12, 15ನೇ ತಿಂಗಳಿಗೆ ಹೇಗೂ ಹೋಗುತ್ತಾಳೆ. ಆ ಭೇಟಿಯಲ್ಲಿ ಹೆಚ್ಚಾಗಿ ಮಗುವನ್ನು ನೋಡುತ್ತಾರೆ. ಅದೇ ಹೊತ್ತಿಗೆ ತಾಯಿಗೆ ಹತ್ತು ನಿಮಿಷ ಕೊಟ್ಟರೆ ಆಯ್ತು, ಅಲ್ವಾ?

ತೊಗರಿ ರಾಶಿ, ಹತ್ತಿ ಬಿಡಿಸುವ ದಿನಗಳಲ್ಲಿ ಹಗಲು ಹೋದರೆ ಮನೆಗೆ ಬೀಗ. ಬೇಸಿಗೆಯಲ್ಲಿ ಮಧ್ಯಾಹ್ನ ಹೋಗಲೇಬೇಡಿ, ಬಿಸಿಲಿಗೆ ಬಿಪಿಯೂ ಸರಿಯಾಗಿ ಸಿಗೋದಿಲ್ಲ, ಮಾತೂ ಸಿಗೋದಿಲ್ಲ.

ಹೇಗೆ ಕೇಳಬೇಕು

"ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ "ಏನಿಲ್ರಿ" ಅನ್ನುತ್ತಾರೆ. ಹಡೆದ ಮೇಲೆ ಇದೆಲ್ಲ ಇರೋದೇ ಅಂತ ಅತ್ತೆ ಹೇಳಿರುತ್ತಾಳೆ, ಅವಳ ಅತ್ತೆ ಅವಳಿಗೆ ಹೇಳಿದ್ದಳು. ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ಪ್ರಕಟಿಸಿದರು. ಶೇ. 92 ಮಂದಿಗೆ ಗರ್ಭಕೋಶ, ಜನನಾಂಗಕ್ಕೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆ ಇತ್ತು, ಆದರೆ ಹಿಂದೆ ಯಾವತ್ತಾದರೂ ಅದಕ್ಕೆ ಪರೀಕ್ಷೆ ಮಾಡಿಸಿಕೊಂಡವರು ಶೇ. 8 ಮಾತ್ರ. ಹೇಳಿಕೊಳ್ಳಲಿಲ್ಲ ಅಂದರೆ ಇಲ್ಲ ಅಂತ ಅಲ್ಲ.

ಆದ್ದರಿಂದ ಒಂದೊಂದು ತೊಂದರೆಯನ್ನೂ ಬಿಡಿಸಿ, ಅವಳ ದಿನದ ಕೆಲಸಕ್ಕೆ ಜೋಡಿಸಿ ಕೇಳಬೇಕು. ಮೂತ್ರದ ವಿಷಯ ಹೀಗೆ ಕೇಳಬಹುದು: "ಯವ್ವಾ, ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಬಟ್ಟಿ ಹಸಿ ಆಗ್ತದೇನು? ದಿನಾ ಆಗ್ತದೋ, ವಾರಕ್ಕೊಮ್ಮಿನೋ? ಅದಕ್ಕಂತ ಬಟ್ಟಿ ಇಟ್ಕೋತೀಯೇನು?" ಮೂರನೇ ಪ್ರಶ್ನೆಗೆ ಬರುವ ಹೊತ್ತಿಗೆ ಎಷ್ಟೋ ಮಂದಿ ತಲೆ ತಗ್ಗಿಸಿ ಹೂಂ ಅನ್ನುತ್ತಾರೆ. ಅಂಕ ಕೊಡಬೇಕಿದ್ದರೆ ಐಸಿಐಕ್ಯೂ ಅನ್ನೋ ಸಣ್ಣ ಪ್ರಶ್ನಾವಳಿ ಇದೆ. ಕಳೆದ ನಾಲ್ಕು ವಾರದಲ್ಲಿ ಎಷ್ಟು ಸಲ, ಎಷ್ಟು ಸೋರುತ್ತದೆ, ದಿನದ ಬದುಕಿಗೆ ಎಷ್ಟು ತೊಡಕು ಅಂತ ಕೇಳಿ 0ರಿಂದ 21ರವರೆಗೆ ಅಂಕ ಹಾಕುತ್ತಾರೆ.

ಗರ್ಭಕೋಶ ಜಾರೋದಕ್ಕೆ, "ಕುಕ್ಕರುಗಾಲಲ್ಲಿ ಕೂತಾಗ ಕೆಳಗಿಂದ ಏನೋ ಹೊರಗ ಬಂದಂಗ ಆಗ್ತದೇನು, ಕೈಗೆ ಗಡ್ಡಿ ತರ ಹತ್ತತದೇನು?" ಬಿಳಿ ಹೋಗೋದನ್ನು ಕೇಳುವಾಗ ವಾಸನೆ, ತುರಿಕೆ, ಕೆಳಹೊಟ್ಟೆ ನೋವು ಜೊತೆಗೇ ಕೇಳಿ. ಸುಮ್ನೆ "ಬಿಳಿ ಹೋಗ್ತದಾ" ಅಂದರೆ ಎಲ್ಲರೂ ಹೌದು ಅಂದಾರು, ಆ ಉತ್ತರದಿಂದ ಏನೂ ತಿಳಿಯೋದಿಲ್ಲ. ಉರಿಮೂತ್ರ, ಮಲಬದ್ಧತೆ ಕೇಳುವಾಗ ದಿನಕ್ಕೆ ಎಷ್ಟು ತಂಬಿಗೆ ನೀರು ಕುಡಿಯುತ್ತಾಳೆ ಅಂತ ಬರೆಯಿರಿ. ಬಾಣಂತಿಗೆ ನೀರು ಕೊಟ್ಟರೆ ಶೀತ ಆಗುತ್ತದೆ ಅಂತ ಅಳೆದು ಕೊಡುವ ಮನೆಗಳು ಈಗಲೂ ಇವೆ.

ನೋವನ್ನು 0ರಿಂದ 10ರಲ್ಲಿ ಹೇಳು ಅಂದರೆ ಓದು ಬಾರದವರಿಗೆ ಅದು ಪರೀಕ್ಷೆ ತರ ಅನ್ನಿಸುತ್ತದೆ. ಹತ್ತು ತೊಗರಿ ಕಾಳು ಅವಳ ಮುಂದೆ ಇಡಿ. ಹತ್ತೂ ಅಂದರೆ ತಡೆಯಲಾರದ ನೋವು, ಒಂದೂ ಇಲ್ಲ ಅಂದರೆ ನೋವೇ ಇಲ್ಲ. ಅವಳು ಎಷ್ಟು ಕಾಳು ಈ ಕಡೆ ಸರಿಸುತ್ತಾಳೋ ಅಷ್ಟು ಬರೆದುಕೊಳ್ಳಿ.

ಅತ್ತೆಯನ್ನು ಎಬ್ಬಿಸೋದು ಹೇಗೆ ಅನ್ನೋದು ಎಲ್ಲರ ಪ್ರಶ್ನೆ. ಇಬ್ಬರು ಹೋಗಿ. ಒಬ್ಬರು ಅತ್ತೆಯ ಜೊತೆ ಪಡಸಾಲೆಯಲ್ಲಿ ಕೂತು ಅವರ ಬಿಪಿ ನೋಡಲಿ, ಮಂಡಿ ನೋವು ಕೇಳಲಿ. ಅವರಿಗೂ ಅದು ಬೇಕಾಗಿರುತ್ತದೆ, ಯಾರೂ ಕೇಳಿರೋದಿಲ್ಲ. ಇನ್ನೊಬ್ಬರು ಒಳಗೆ ಬಾಣಂತಿ ಹತ್ತಿರ. ಹೊಡೆತ ಬಡಿತದ ಪ್ರಶ್ನೆ ಇದ್ದರೆ ಎರಡು ವರ್ಷದೊಳಗಿನ ಮಗು ಬಿಟ್ಟು ಬೇರೆ ಯಾರ ಮುಂದೆಯೂ ಕೇಳಬಾರದು, ಒಂದು ಮನೆಯಲ್ಲಿ ಒಬ್ಬರನ್ನೇ ಕೇಳಬೇಕು. ಯಾರಾದರೂ ನಡುವೆ ಬಂದರೆ ತಕ್ಷಣ ಮಗುವಿನ ಲಸಿಕೆಯ ಮಾತಿಗೆ ತಿರುಗಿ, ಆ ಪ್ರಶ್ನೆ ಖಾಲಿ ಉಳಿಯಲಿ.

ಭಾಷೆಯೂ ನೋಡಿಕೊಳ್ಳಿ. ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು, ಔರಾದ್, ಭಾಲ್ಕಿ ಕಡೆ ಮರಾಠಿ, ಪೇಟೆಯ ಮೊಹಲ್ಲಾಗಳಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಮನೆಯ ಹುಡುಗನನ್ನೋ ನಾದಿನಿಯನ್ನೋ ದುಭಾಷಿ ಮಾಡಿಕೊಂಡು ಮೂತ್ರ, ಗರ್ಭಕೋಶದ ಪ್ರಶ್ನೆ ಕೇಳಿದರೆ ಉತ್ತರ ಸಿಗೋದಿಲ್ಲ. ಆ ಭಾಷೆಯ ಹೆಂಗಸೊಬ್ಬಳನ್ನೇ ತಂಡಕ್ಕೆ ಸೇರಿಸಿಕೊಳ್ಳಿ.

ಅಳೆಯಬಹುದಾದದ್ದನ್ನು ಅಳೆದೇ ಬರೆಯಿರಿ

ಫಾರಂನಲ್ಲಿ ಪ್ರತಿ ತೊಂದರೆಗೂ ಮೂರು ಅಂಕಣ ಇರಲಿ: ಅವಳು ಹೇಳಿದ್ದು, ನಾವು ಅಳೆದದ್ದು, ಆಸ್ಪತ್ರೆ ಕಾಗದದಲ್ಲಿ ಇರೋದು. ಮೂರನ್ನೂ ಕಲಸಬೇಡಿ. "ಬಿಪಿ ಇತ್ತಂತ" ಅನ್ನೋದು ಒಂದು, 150/100 ಸಿಕ್ಕಿದ್ದು ಇನ್ನೊಂದು, ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಬರೆದದ್ದು ಮತ್ತೊಂದು. ಮೂರೂ ಹೊಂದದೆ ಇದ್ದರೆ ಹೊಂದಿಲ್ಲ ಅಂತಲೇ ವರದಿ ಮಾಡಿ, ಅದೂ ಕೆಲಸಕ್ಕೆ ಬರುವ ಮಾಹಿತಿಯೇ.

ಬಿಪಿ ನೋಡೋದು ಸುಲಭ ಅಂತ ಅಂದುಕೊಂಡಿರುತ್ತೇವೆ. ಬಾಗಿಲಲ್ಲಿ ನಿಂತವಳ ಕೈ ಎಳೆದು, ರವಿಕೆ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಮಾತಾಡಿಸುತ್ತಲೇ ಗುಂಡಿ ಒತ್ತಿದರೆ ಬಂದ ಸಂಖ್ಯೆಗೆ ಬೆಲೆ ಇಲ್ಲ. ಮೂತ್ರಕ್ಕೆ ಹೋಗಿ ಬರಲಿ. ಬೆನ್ನು ಗೋಡೆಗೆ ಅಥವಾ ಕುರ್ಚಿಗೆ ಆನಿಸಿ ಐದು ನಿಮಿಷ ಸುಮ್ಮನೆ ಕೂರಲಿ, ಕಾಲು ನೆಲಕ್ಕೆ ತಾಗಿರಲಿ. ತೋಳು ಬರಿದಾಗಿರಲಿ, ಎದೆಯ ಮಟ್ಟಕ್ಕೆ ಒಂದು ದಿಂಬಿನ ಮೇಲೆ ಇಡಿ. ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. ನಮ್ಮ ಕಡೆ ತೋಳು ಸಣ್ಣ ಇರುವವರು ಬಹಳ. ತೋಳಿನ ಸುತ್ತಳತೆ 22 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಾಮಾನ್ಯ ಪಟ್ಟಿ ದೊಡ್ಡದಾಗಿ ಬಿಪಿ ಕಡಿಮೆ ತೋರಿಸುತ್ತದೆ, ಅಂಥವರಿಗೆ ಸಣ್ಣ ಪಟ್ಟಿ ಬೇಕು. ಪಟ್ಟಿ ಚಿಕ್ಕದಾದರೆ ಉಲ್ಟಾ, ಜಾಸ್ತಿ ತೋರಿಸುತ್ತದೆ. 140/90 ಮುಟ್ಟಿದರೆ ಹೆಚ್ಚಿದೆ ಅಂತ, 160/110 ಅಂದರೆ ಫಾರಂ ಪಕ್ಕಕ್ಕಿಟ್ಟು 108ಕ್ಕೆ ಫೋನ್. ಹೆರಿಗೆ ಆದ ಮೇಲೂ ಬಿಪಿ ಏರುತ್ತದೆ, ಫಿಟ್ಸ್ ಬರುತ್ತದೆ. ಬಾಣಂತಿಗೆ ಬಿಪಿ ನೋಡೋದು ಬೇಡ ಅನ್ನುವವರ ಮಾತು ಕೇಳಬೇಡಿ.

ಬಿಸಿನೀರು ಎರೆದು, ಲೋಬಾನ ಹಾಕಿ ಮಲಗಿಸಿದ ಕೂಡಲೇ ಜ್ವರವನ್ನೂ ಬಿಪಿಯನ್ನೂ ನೋಡಬೇಡಿ. ಕನಿಷ್ಠ ಅರ್ಧ ಗಂಟೆ ಬಿಡಿ. ಆಮೇಲೂ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಇದ್ದರೆ ಅದು ಜ್ವರವೇ. ಜೊತೆಗೆ ಕೆಟ್ಟ ವಾಸನೆಯ ಸ್ರಾವ ಇದ್ದರೆ ನಂಜಾಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ರಕ್ತದ ಅಂಶಕ್ಕೆ, ಅಂದರೆ ಹಿಮೋಗ್ಲೋಬಿನ್‌ಗೆ, ಕಣ್ಣ ರೆಪ್ಪೆ ಕೆಳಗೆ ಎಳೆದು ನೋಡೋದು ಅಳತೆ ಅಲ್ಲ. ಡಿಜಿಟಲ್ ಮೀಟರ್ ಬಳಸಿ. ಕೈ ತಣ್ಣಗಿದ್ದರೆ ತಿಕ್ಕಿ ಬೆಚ್ಚಗೆ ಮಾಡಿ. ಸ್ಪಿರಿಟ್ ಪೂರ್ತಿ ಒಣಗಲಿ, ಹಸಿ ಇದ್ದರೆ ರಕ್ತಕ್ಕೆ ಬೆರೆತು ಅಂಶ ಕಡಿಮೆ ಬರುತ್ತದೆ. ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ, ಬೆರಳನ್ನು ಹಿಂಡದೆ ತಾನಾಗಿ ಬಂದ ಮುಂದಿನ ಹನಿ ತೆಗೆದುಕೊಳ್ಳಿ. ಹಿಂಡಿದರೆ ಮೈನೀರು ಸೇರುತ್ತದೆ. ಬಸುರಿಯಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 10ರಿಂದ 10.9 ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ಹೆರಿಗೆ ಆದವಳಿಗೆ ಈ ಗೆರೆ ಬೇರೆ, 12. ಎರಡನ್ನೂ ಒಂದೇ ಗೆರೆಯಿಂದ ಅಳೆದ ವರದಿಗಳನ್ನು ನೋಡಿದ್ದೇನೆ, ಅದರಿಂದ ಬಾಣಂತಿಯರಲ್ಲಿ ರಕ್ತಹೀನತೆ ಇರೋದಕ್ಕಿಂತ ಕಡಿಮೆ ಕಾಣುತ್ತದೆ. ಜೊತೆಗೆ ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರು ಅಂತ ಅಲ್ಲ, ಎಷ್ಟು ನುಂಗಿದಳು ಅಂತ ಕೇಳಿ. ಬಸುರಿನಲ್ಲಿ 180 ದಿನ, ಹೆರಿಗೆ ಆದ ಮೇಲೆ ಇನ್ನೂ 180 ದಿನ ನುಂಗಬೇಕು. ಎರಡನೇ 180ರ ಸುದ್ದಿ ಗೊತ್ತಿದೆಯಾ ಅಂತಲೇ ಒಂದು ಪ್ರಶ್ನೆ ಇಡಿ.

ಹೆರಿಗೆ ಹೊತ್ತಿನ ರಕ್ತಸ್ರಾವವನ್ನು ಆಮೇಲೆ ಅಳೆಯೋಕೆ ಆಗೋದಿಲ್ಲ, ಎದುರಿಗೆ ಇದ್ದವರ ಕಣ್ಣಂದಾಜೂ ತಪ್ಪುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರೂ ಸೇರಿ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲ ಮಾಡಿ ನೋಡಿದಾಗ, ಚೀಲದಲ್ಲಿ ಸಿಕ್ಕದ್ದಕ್ಕಿಂತ ಕಣ್ಣಂದಾಜು ಶೇ. 33 ಕಡಿಮೆ ಇತ್ತು, ಅದು 2006ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಕೇಳುವಾಗ ಮಿಲಿಲೀಟರ್ ಬಿಡಿ, ನಡೆದದ್ದನ್ನು ಕೇಳಿ. ಎಚ್ಚರ ತಪ್ಪಿತಾ? ದೊಡ್ಡಾಸ್ಪತ್ರೆಗೆ ಕಳಿಸಿದರಾ? ರಕ್ತ ಏರಿಸಿದರಾ? "ನಾಕು ಬಾಟ್ಲಿ ಏರಿಸ್ಯಾರ" ಅಂದರೆ ನಿಲ್ಲಿ. ಕೆಂಪು ಚೀಲನಾ, ನೀರಿನಂಥ ಸಲೈನ್ ಬಾಟಲಿನಾ ಅಂತ ಕೇಳಿ, ಕಾರ್ಡ್ ತೆರೆದು ನೋಡಿ.

ಸಾವಿನ ಬಾಯಿಂದ ಉಳಿದು ಬಂದವರ ಲೆಕ್ಕ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾನದಂಡ, ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಇದೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಬೋಧನಾ ಆಸ್ಪತ್ರೆಯಲ್ಲಿ ಓದುವವರು ಅದನ್ನು ಹಿಡಿಯಲಿ.

ಮನಸ್ಸಿನ ನೋವು

ಇದನ್ನು ಬಿಟ್ಟು ಮಾಡಿದ ಸಮೀಕ್ಷೆ ಅರ್ಧ ಮಾತ್ರ. ಎಡಿನ್‌ಬರೋ ಮಾಪಕ ಅಂತ ಖಿನ್ನತೆ ಅಳೆಯುವ ಹತ್ತು ಪ್ರಶ್ನೆಗಳ ಹಾಳೆ ಇದೆ, 1987ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನದ ಬಗ್ಗೆ ಕೇಳುತ್ತದೆ, ಒಟ್ಟು 30 ಅಂಕ. ಗ್ರಾಮೀಣ ಕರ್ನಾಟಕದ ಬಸುರಿಯರಲ್ಲಿ ಪರೀಕ್ಷೆ ಮಾಡಿದಾಗ 13 ಅಥವಾ ಜಾಸ್ತಿ ಬಂದರೆ ಖಿನ್ನತೆ ಇರಬಹುದು ಅನ್ನೋ ಗೆರೆ ಚೆನ್ನಾಗಿ ಹೊಂದಿದೆ. ಅಂಕ ಹಾಕುವಾಗ ಗಮನ ಇರಲಿ: 1, 2, 4ನೇ ಪ್ರಶ್ನೆಗೆ ಮೇಲಿನ ಉತ್ತರಕ್ಕೆ 0, ಉಳಿದ ಏಳಕ್ಕೆ ಮೇಲಿನ ಉತ್ತರಕ್ಕೆ 3. ಇದನ್ನು ಉಲ್ಟಾ ಮಾಡಿದರೆ ನಗುತ್ತಿರುವವಳು ಖಿನ್ನತೆಯವಳಾಗುತ್ತಾಳೆ, ನೊಂದವಳು ತಪ್ಪಿಹೋಗುತ್ತಾಳೆ.

ನಾಲ್ಕು ಉತ್ತರವನ್ನೂ ಒಟ್ಟಿಗೆ ಓದಿದರೆ ಕೇಳುವವಳಿಗೆ ಕೊನೆಯದೇ ನೆನಪಿರುತ್ತದೆ. ಮೊದಲು ಹೌದಾ ಅಲ್ವಾ ಕೇಳಿ, ಆಮೇಲೆ "ಯಾವಾಗಲೂ ಹಂಗೇನು, ಒಮ್ಮೊಮ್ಮೆನೋ" ಅಂತ ಎರಡನೇ ಮಾತು. ಮನೆಯವರು "ಆಕಿಗೆ ಗಾಳಿ ಬಡದದ" ಅಂದರೆ ಅದನ್ನೂ ಹಾಗೇ ಬರೆದುಕೊಳ್ಳಿ, ವಾದ ಮಾಡಬೇಡಿ, ಆದರೆ ಅವಳು ತನ್ನಷ್ಟಕ್ಕೆ ಮಾತಾಡುತ್ತಿದ್ದರೆ, ದಿನಗಟ್ಟಲೆ ನಿದ್ದೆ ಇಲ್ಲದಿದ್ದರೆ, ಮಗುವನ್ನು ಗುರುತಿಸದಿದ್ದರೆ ಅದು ತುರ್ತು. ಮೊದಲೇ ಹೆಣ್ಣುಮಕ್ಕಳಿದ್ದು ಈ ಸಲವೂ ಹೆಣ್ಣೇ ಆಗಿದ್ದರೆ ಇನ್ನೂ ಸಾವಕಾಶವಾಗಿ ಕೇಳಿ. ಗೋವಾದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆರಿಗೆಯ ಆರರಿಂದ ಎಂಟು ವಾರಕ್ಕೆ ಶೇ. 23 ತಾಯಂದಿರಲ್ಲಿ ಖಿನ್ನತೆ ಕಂಡಿತು, ಬಡತನ, ಗಂಡನ ಹಿಂಸೆ, ಗಂಡುಮಗು ಬೇಕೆಂಬ ಒತ್ತಡ ಅದರ ಹಿಂದೆ ಇದ್ದವು.

ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಅಂಕ ಎಷ್ಟೇ ಇರಲಿ, ಇದಕ್ಕೆ 0 ಬಿಟ್ಟು ಬೇರೆ ಬಂದರೆ ಅವಳನ್ನು ಒಬ್ಬಳೇ ಬಿಟ್ಟು ಬರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಫೋನ್ ಹಚ್ಚಿ ಕನ್ನಡದಲ್ಲಿ ಮಾತಾಡಿಸಿ, ಪಿಎಚ್‌ಸಿ ವೈದ್ಯರಿಗೆ ಅವತ್ತೇ ತಿಳಿಸಿ.

ಕೆಲಸ ಮಾಡೋಕೆ ಆಗುತ್ತದಾ?

ತೊಂದರೆ ಇದೆ ಅಂತ ಎಣಿಸಿದರೆ ಸಾಲದು, ಅದು ಅವಳ ಬದುಕನ್ನು ಎಷ್ಟು ಕಟ್ಟಿಹಾಕಿದೆ ಅಂತ ತಿಳಿಯಬೇಕು. ಹುಡಾಸ್ ಅನ್ನೋ 12 ಪ್ರಶ್ನೆಗಳ ಅಳತೆ ಇದೆ: ಕಳೆದ 30 ದಿನದಲ್ಲಿ ಅರ್ಧ ಗಂಟೆ ನಿಲ್ಲೋಕೆ, ಒಂದು ಕಿಲೋಮೀಟರ್ ನಡೆಯೋಕೆ, ಮೈ ತೊಳೆದುಕೊಳ್ಳೋಕೆ, ಮನೆ ಜವಾಬ್ದಾರಿ ಹೊರೋಕೆ ಎಷ್ಟು ಕಷ್ಟ ಆಯ್ತು ಅಂತ. ನಮ್ಮ ಕಡೆ ಇದರಲ್ಲಿ ಒಂದು ತೊಡಕಿದೆ. ಆರು ವಾರದ ಬಾಣಂತಿ ಹೆಚ್ಚಾಗಿ ಮನೆಗೆಲಸ ಮಾಡೋದಿಲ್ಲ, ಮಗುವಿನ ಲಸಿಕೆಗೆ ಬಿಟ್ಟರೆ ಕೋಣೆಯಿಂದ ಹೊರಗೆ ಬಂದಿರೋದಿಲ್ಲ. ಕಷ್ಟ ಆಯ್ತಾ ಅಂದರೆ "ಇಲ್ರಿ" ಅನ್ನುತ್ತಾಳೆ, ಮಾಡಿದ್ದರೆ ತಾನೇ ಕಷ್ಟ ಗೊತ್ತಾಗೋದು? ಅಂಥ ಉತ್ತರಕ್ಕೆ 0 ಹಾಕದೆ "ಅನ್ವಯಿಸದು" ಅಂತ ಬೇರೆ ಗುರುತು ಮಾಡಿ. ರೊಟ್ಟಿ ಬಡಿಯೋದು, ನೀರು ಹೊರೋದು, ಕಳೆ ತೆಗೆಯೋದು ಶುರುವಾದ ಆರನೇ ತಿಂಗಳಲ್ಲಿ ಅದೇ ಪ್ರಶ್ನೆ ಕೇಳಿದಾಗ ನಿಜವಾದ ಉತ್ತರ ಸಿಗುತ್ತದೆ. ಹೆರಿಗೆ ಆಗಿ ತಿಂಗಳೊಳಗೇ ಕೂಲಿಗೆ ಹೋದವರೂ ಇರುತ್ತಾರೆ, ಎಷ್ಟನೇ ದಿನ ಕೆಲಸಕ್ಕೆ ಇಳಿದೆ ಅಂತ ಎಲ್ಲರನ್ನೂ ಕೇಳಿ.

ಲೆಕ್ಕ ಹಾಕೋದು

ಬಸುರಿನಲ್ಲಿ, ಹೆರಿಗೆಯಿಂದ 42 ದಿನದೊಳಗೆ, ಆಮೇಲೆ ಒಂದು ವರ್ಷದವರೆಗೆ, ಹೀಗೆ ಮೂರು ಕೋಷ್ಟಕ ಬೇರೆ ಬೇರೆ ಮಾಡಿ. ಶೇಕಡಾ ತೆಗೆಯುವಾಗ ಭಾಗಿಸುವ ಸಂಖ್ಯೆ ಆ ಪ್ರಶ್ನೆ ಕೇಳಿಸಿಕೊಂಡವರದ್ದು, ಪಟ್ಟಿಯಲ್ಲಿ ಇದ್ದವರದ್ದಲ್ಲ. ಉದಾಹರಣೆಗೆ 80 ಬಾಣಂತಿಯರನ್ನು ಕೇಳಿ 12 ಮಂದಿಗೆ ಮೂತ್ರ ಸೋರುತ್ತದೆ ಅಂದುಕೊಳ್ಳಿ. ಅದು ಶೇ. 15. ಆದರೆ 80 ಮಂದಿ ಕಡಿಮೆಯೇ, ನಿಜವಾದ ಪ್ರಮಾಣ ಸುಮಾರು 9ರಿಂದ 24ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಪಕ್ಕದ ಪಿಎಚ್‌ಸಿಯಲ್ಲಿ ಶೇ. 20 ಬಂತು ಅಂತ ಅಲ್ಲಿಯವರನ್ನು ದೂರಬೇಡಿ.

ತೊಂದರೆಗಳನ್ನು ಕೂಡಿಸಿ "ಒಟ್ಟು 340 ತೊಂದರೆ" ಅಂತ ಬರೆಯಬೇಡಿ. ಒಬ್ಬಳಿಗೇ ಐದು ಇರಬಹುದು. ಎಷ್ಟು ಮಂದಿಗೆ ಒಂದಾದರೂ ಇದೆ, ಎಷ್ಟು ಮಂದಿಗೆ ಮೂರಕ್ಕಿಂತ ಜಾಸ್ತಿ ಇದೆ ಅಂತ ತೋರಿಸಿ. ಮೂರಕ್ಕಿಂತ ಜಾಸ್ತಿ ಇರುವವರ ಹೆಸರು ನಿಮಗೆ ಆಗಲೇ ನೆನಪಿರುತ್ತದೆ.

ಕೇಳುವ ಮೊದಲೇ ಕಳಿಸುವ ಜಾಗ ಗೊತ್ತಿರಲಿ

ಗರ್ಭಕೋಶ ಜಾರಿದೆ ಅಂತ ಅವಳ ಬಾಯಿಂದ ಮೊದಲ ಸಲ ಹೇಳಿಸಿ, ಟಿಕ್ ಹಾಕಿ ಎದ್ದು ಬರೋದು ಅನ್ಯಾಯ. ಸಮೀಕ್ಷೆ ಶುರುವಾಗುವ ಮುಂಚೆಯೇ ಪಿಎಚ್‌ಸಿ ವೈದ್ಯರ ಹತ್ತಿರ ಕೂತು ಯಾವ ತೊಂದರೆಗೆ ಎಲ್ಲಿ, ಯಾವ ವಾರ, ಯಾರ ಹತ್ತಿರ ಅಂತ ಒಂದು ಹಾಳೆ ಮಾಡಿಸಿಕೊಳ್ಳಿ. ಪ್ರತಿ ತಿಂಗಳ 9ನೇ ತಾರೀಖಿನ ತಪಾಸಣೆ ಬಸುರಿಯರಿಗೆ. ಬಾಣಂತಿಯರಿಗೆ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರು ಸಿಗುವ ದಿನ ಕೇಳಿ ಬರೆದುಕೊಳ್ಳಿ. ಪ್ಯಾಡ್ ಒಂದೇ ಗಂಟೆಯಲ್ಲಿ ತೊಯ್ದು ಹೋಗೋದು, ಕಣ್ಣು ಮಂಜಾಗಿ ತಲೆ ಸಿಡಿಯೋದು, ಫಿಟ್ಸ್, ಒಂದೇ ಕಾಲು ಬಾತು ನೋಯೋದು, ಉಸಿರು ಸಿಗದೆ ಎದೆ ನೋವು, ಇವಕ್ಕೆ ಯಾವ ದಿನವನ್ನೂ ಕಾಯಬಾರದು, 108.

ಫಾರಂನ ಕೊನೆಯಲ್ಲಿ ಇನ್ನೊಂದು ಸಾಲು ಇರಲಿ, ಅದನ್ನು ವಾರ ಬಿಟ್ಟು ಹೋಗಿ ತುಂಬಿ: ಕಳಿಸಿದ ಕಡೆ ಹೋದಳಾ, ಯಾರು ಕರೆದುಕೊಂಡು ಹೋದರು, ಬಸ್‌ಗೆ ದುಡ್ಡು ಇತ್ತಾ, ವೈದ್ಯರು ಸಿಕ್ಕರಾ, ಔಷಧಿ ಹೊರಗೆ ಬರೆದುಕೊಟ್ಟರಾ. ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ಅವಳ ಮಾತಲ್ಲೇ ಬರೆಯಿರಿ. ತಾಲೂಕು ಆರೋಗ್ಯಾಧಿಕಾರಿಯ ಮುಂದೆ ಕೂತಾಗ ಕೆಲಸಕ್ಕೆ ಬರೋದು ಹೆಚ್ಚಾಗಿ ಇದೇ ಸಾಲು. ಗ್ರಾಮ ಆರೋಗ್ಯ ಸಮಿತಿಯ ಸಭೆಗೆ ಸಂಖ್ಯೆಗಳ ಹಾಳೆ ಮಾತ್ರ ತೆಗೆದುಕೊಂಡು ಹೋಗಿ. ಸಣ್ಣ ಊರಲ್ಲಿ "ಒಬ್ಬಳಿಗೆ ಗರ್ಭಕೋಶ ಜಾರಿದೆ" ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಹಾಗಾಗಿ ಐದಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ಊರುವಾರು ಹೇಳದೆ ಇಡೀ ಉಪಕೇಂದ್ರಕ್ಕೆ ಸೇರಿಸಿ ಹೇಳಿ. ಹೆಸರಿರುವ ಪಟ್ಟಿ ಬೀಗದ ಒಳಗೆ ಇರಲಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕೋದಂತೂ ಬೇಡವೇ ಬೇಡ.